ನೋವಿನ ಮಾತ್ರೆ, ಆಪರೇಷನ್, ಕಟ್ಟಿಕೊಂಡ ಹೊಟ್ಟೆ: ಕರುಳನ್ನು ಮತ್ತೆ ದಾರಿಗೆ ತರುವ ಸಮಗ್ರ ಮಾರ್ಗದರ್ಶಿ

ಮೊಣಕಾಲಿನ ಆಪರೇಷನ್ ಆಗಿ ಅವತ್ತಿಗೆ 5ನೇ ದಿನ. ಕಾಲು ನೋಯುತ್ತಿತ್ತು, ಆದರೂ ತಡೆದುಕೊಳ್ಳಬಹುದಿತ್ತು. ಹೊಟ್ಟೆ ಮಾತ್ರ ಕಲ್ಲಾಗಿತ್ತು. 5 ದಿನದಿಂದ ಮೋಷನ್ ಇಲ್ಲ. ಡಿಸ್ಚಾರ್ಜ್ ಚೀಟಿಯಲ್ಲಿ ಟ್ರಾಮಡಾಲ್ ಬರೆದಿದ್ದರು, ಕಬ್ಬಿಣಾಂಶದ ಮಾತ್ರೆ ಬರೆದಿದ್ದರು, ಡ್ರೆಸ್ಸಿಂಗ್ ಯಾವಾಗ ಬದಲಿಸಬೇಕು ಅಂತಲೂ ಬರೆದಿದ್ದರು. ಹೊಟ್ಟೆ ಕಟ್ಟುತ್ತದೆ ಅನ್ನುವ ಒಂದು ಮಾತು ಎಲ್ಲೂ ಇರಲಿಲ್ಲ. ಟಾಯ್ಲೆಟ್‌ನಲ್ಲಿ ಮುಕ್ಕಾಲು ಗಂಟೆ ತಿಣುಕಿದೆ. ಕೊನೆಗೆ ಬಿದ್ದದ್ದು ಆಡಿನ ಹಿಕ್ಕೆಯಂಥ ಮೂರು ಉಂಡೆ. ಆಪರೇಷನ್ ದಿನ ಅಳದವನು ಅವತ್ತು ಅತ್ತುಬಿಟ್ಟೆ.

ಆಮೇಲೆ ಓದಿ, ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ: ಓಪಿಯಾಯ್ಡ್ (ಅಫೀಮಿನ ಜಾತಿಯ, ಜೋರು ನೋವಿಗೆ ಕೊಡುವ) ನೋವಿನ ಮಾತ್ರೆ ಶುರುವಾದ ದಿನವೇ ಹೊಟ್ಟೆ ಸಡಿಲಿಸುವ ಔಷಧಿಯೂ ಶುರುವಾಗಬೇಕು. ಕಟ್ಟಿಕೊಂಡ ಮೇಲೆ ಬಿಡಿಸುವುದು ಬಲು ಕಷ್ಟ.

ಇನ್ನೊಂದು ಮಾತು. ನಾನು ಡಾಕ್ಟರ್ ಅಲ್ಲ. ಇಲ್ಲಿರುವ ಪ್ರಮಾಣಗಳು ದೊಡ್ಡವರಿಗೆ ಸಾಮಾನ್ಯವಾಗಿ ಕೊಡುವಂಥವು. ಮಕ್ಕಳು, ಗರ್ಭಿಣಿಯರು, ಕಿಡ್ನಿ ಅಥವಾ ಹೃದಯದ ತೊಂದರೆ ಇರುವವರು, ಕರುಳಿನ ಆಪರೇಷನ್ನೇ ಆದವರು ತಮ್ಮ ಡಾಕ್ಟರನ್ನು ಕೇಳದೆ ಯಾವುದನ್ನೂ ಶುರು ಮಾಡಬಾರದು.

ಹಂತ 1: ನಿಮ್ಮ ಚೀಟಿಯಲ್ಲಿ ಓಪಿಯಾಯ್ಡ್ ಇದೆಯಾ ನೋಡಿ

ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಓಪಿಯಾಯ್ಡ್‌ಗಳಲ್ಲ. ಟ್ರಾಮಡಾಲ್, ಕೊಡೀನ್, ಮಾರ್ಫಿನ್, ಆಕ್ಸಿಕೊಡೋನ್, ಟ್ಯಾಪೆಂಟಡಾಲ್, ಮೆಥಡೋನ್ ಓಪಿಯಾಯ್ಡ್‌ಗಳು. ಚರ್ಮಕ್ಕೆ ಅಂಟಿಸುವ ಫೆಂಟನಿಲ್, ಬ್ಯುಪ್ರೆನಾರ್ಫಿನ್ ಪ್ಯಾಚ್‌ಗಳೂ ಅದೇ ಜಾತಿ. ಪ್ಯಾಚ್ ಹೊಟ್ಟೆಗೆ ಹೋಗುವುದಿಲ್ಲ, ಹಾಗಾಗಿ ತೊಂದರೆ ಇಲ್ಲ ಅಂದುಕೊಳ್ಳಬೇಡಿ. ಔಷಧಿ ರಕ್ತದ ಮೂಲಕ ಕರುಳನ್ನು ಮುಟ್ಟೇ ಮುಟ್ಟುತ್ತದೆ. ಒಂದೇ ಮಾತ್ರೆಯಲ್ಲಿ ಪ್ಯಾರಾಸಿಟಮಾಲ್ ಜೊತೆ ಟ್ರಾಮಡಾಲ್ ಅಥವಾ ಕೊಡೀನ್ ಸೇರಿಸಿರುವುದೂ ಉಂಟು. ಆದ್ದರಿಂದ ಪಟ್ಟಿಯ ಮೇಲಿನ ದೊಡ್ಡಕ್ಷರದ ಹೆಸರು ನೋಡಿ ಸುಮ್ಮನಾಗದೆ, ಕೆಳಗಿನ ಸಣ್ಣಕ್ಷರವನ್ನೂ ಓದಿ.

ಚೀಟಿಯಲ್ಲಿ ಬೇರೆ ಕಳ್ಳರೂ ಇರುತ್ತಾರೆ. ಕಬ್ಬಿಣಾಂಶದ ಮಾತ್ರೆ, ಕ್ಯಾಲ್ಸಿಯಂ, ವಾಂತಿ ನಿಲ್ಲಿಸುವ ಆಂಡಾನ್ಸೆಟ್ರಾನ್, ನರದ ನೋವಿಗೆ ಕೊಡುವ ಅಮಿಟ್ರಿಪ್ಟಿಲೀನ್, ಬಿಪಿಗೆ ಕೊಡುವ ವೆರಾಪಮಿಲ್, ಇವೆಲ್ಲ ಹೊಟ್ಟೆ ಕಟ್ಟಿಸುವಂಥವೇ. ಕಬ್ಬಿಣಾಂಶದ ಮಾತ್ರೆಯನ್ನು ಸ್ವಲ್ಪ ದಿನ ಬಿಟ್ಟು ಶುರು ಮಾಡಬಹುದಾ ಅಂತ ಕೇಳಿ. ಎಷ್ಟೋ ಸಲ ಆಗುತ್ತದೆ ಅನ್ನುತ್ತಾರೆ.

ಒಳಗೆ ಆಗುವುದೇನು?

ಮಿದುಳಿನಲ್ಲಿ ನೋವನ್ನು ತಗ್ಗಿಸುವ ಮ್ಯೂ ಗ್ರಾಹಕಗಳು (ಓಪಿಯಾಯ್ಡ್ ಬಂದು ಕೂತು ಕೆಲಸ ಮಾಡುವ ಜಾಗಗಳು) ಕರುಳಿನ ಗೋಡೆಯ ನರಜಾಲದಲ್ಲೂ ಇವೆ. ಓಪಿಯಾಯ್ಡ್ ಅಲ್ಲಿ ಕೂತರೆ ಕರುಳು ಆಹಾರವನ್ನು ಮುಂದಕ್ಕೆ ತಳ್ಳುವುದನ್ನು ಕಡಿಮೆ ಮಾಡುತ್ತದೆ, ಇದ್ದಲ್ಲೇ ಹಿಸುಕುತ್ತಾ ಕೂರುತ್ತದೆ. ಒಳಗೆ ಜಿನುಗಬೇಕಾದ ನೀರು ಕಡಿಮೆಯಾಗುತ್ತದೆ. ಮಲ ಜಾಸ್ತಿ ಹೊತ್ತು ನಿಂತಷ್ಟೂ ಅದರಲ್ಲಿದ್ದ ನೀರನ್ನೂ ದೊಡ್ಡ ಕರುಳು ಹೀರಿಕೊಳ್ಳುತ್ತದೆ. ಗುದದ್ವಾರದ ಬಿಗಿಯೂ ಹೆಚ್ಚುತ್ತದೆ. ಭೇದಿ ನಿಲ್ಲಿಸಲು ಕೊಡುವ ಲೋಪೆರಮೈಡ್ ಕೂಡ ಓಪಿಯಾಯ್ಡೇ, ಗೊತ್ತಾ? ಮಾಮೂಲಿ ಪ್ರಮಾಣದಲ್ಲಿ ಅದು ಮಿದುಳಿಗೆ ಹೆಚ್ಚುಕಡಿಮೆ ಹೋಗುವುದೇ ಇಲ್ಲ, ಕರುಳಿನಲ್ಲೇ ಕೆಲಸ ಮುಗಿಸುತ್ತದೆ. ಭೇದಿ ಬಂದವನಿಗೆ ವರವಾದದ್ದು ನಮಗೆ ಶಾಪ.

ಓಪಿಯಾಯ್ಡ್ ಶುರುವಾದಾಗ ಬರುವ ವಾಕರಿಕೆ, ಮಂಪರು ಕೆಲವು ದಿನಗಳಲ್ಲಿ ದೇಹಕ್ಕೆ ಒಗ್ಗಿ ಕಡಿಮೆಯಾಗುತ್ತವೆ. ಹೊಟ್ಟೆ ಕಟ್ಟುವುದು ಹಾಗೆ ಒಗ್ಗುವುದಿಲ್ಲ. ಮಾತ್ರೆ ಇರುವಷ್ಟು ದಿನವೂ ಅದು ಇರುತ್ತದೆ. ‘ಎರಡು ದಿನ ಕಾದು ನೋಡೋಣ’ ಅನ್ನುವ ಲೆಕ್ಕಾಚಾರ ಇಲ್ಲಿ ಕೈಕೊಡುವುದು ಇದಕ್ಕೇ.

ಹಂತ 2: ಮೂರರಲ್ಲಿ ನಿಮ್ಮದು ಯಾವುದು?

ಆಪರೇಷನ್ ಆದವರ ಹೊಟ್ಟೆ ಸುಮ್ಮನಾಗಲು ಮೂರು ಬೇರೆ ಬೇರೆ ಕಾರಣಗಳಿರಬಹುದು. ಇವನ್ನು ಕಲಸಿಕೊಂಡರೆ ಅಪಾಯ.

ಮೊದಲನೆಯದು ಮಲಗಿದ ಕರುಳು. ಡಾಕ್ಟರುಗಳು ಇದನ್ನು ಇಲಿಯಸ್ ಅನ್ನುತ್ತಾರೆ. ಹೊಟ್ಟೆ ಕೊಯ್ದು ಕರುಳನ್ನು ಮುಟ್ಟಿದರೆ ಅದು ಊದಿಕೊಂಡು ಕೆಲವು ಕಾಲ ಅಲುಗಾಡುವುದನ್ನೇ ಬಿಡುತ್ತದೆ. ಸಾಮಾನ್ಯವಾಗಿ ಸಣ್ಣ ಕರುಳು 24 ಗಂಟೆಯೊಳಗೆ, ಜಠರ 24ರಿಂದ 48 ಗಂಟೆಯಲ್ಲಿ, ದೊಡ್ಡ ಕರುಳು 48ರಿಂದ 72 ಗಂಟೆಯಲ್ಲಿ ಏಳುತ್ತದೆ. ಎದ್ದದ್ದಕ್ಕೆ ಗುರುತು ಗ್ಯಾಸ್ ಹೋಗುವುದು. ನರ್ಸ್ ಬಂದಾಗಲೆಲ್ಲ ‘ಗ್ಯಾಸ್ ಹೋಯ್ತಾ?’ ಅಂತ ಕೇಳುವುದು ಇದಕ್ಕೇ. ನಾಚಿಕೆ ಬಿಟ್ಟು ನಿಜ ಹೇಳಿ.

ಎರಡನೆಯದು ಬರೀ ಓಪಿಯಾಯ್ಡ್ ಮಲಬದ್ಧತೆ. ಗ್ಯಾಸ್ ಹೋಗುತ್ತಿರುತ್ತದೆ, ಊಟ ಸೇರುತ್ತಿರುತ್ತದೆ, ವಾಂತಿ ಇರುವುದಿಲ್ಲ. ಮಲ ಮಾತ್ರ ಗಟ್ಟಿ, ಬಂದರೂ ಪೂರ್ತಿ ಆಗಿಲ್ಲ ಅನ್ನಿಸುತ್ತದೆ. ಈ ಬರಹದ ಬಹುಪಾಲು ಇದರ ಬಗ್ಗೆಯೇ.

ಮೂರನೆಯದು ಕರುಳು ನಿಜವಾಗಿ ಅಡಚಿಕೊಂಡಿರುವುದು, ಅಥವಾ ಒಳಗಿನ ಹೊಲಿಗೆ ಸೋರುತ್ತಿರುವುದು. ಇದಕ್ಕೆ ಮನೆಮದ್ದೂ ಇಲ್ಲ, ಭೇದಿ ಮಾತ್ರೆಯೂ (ಅಂದರೆ ಹೊಟ್ಟೆ ಸಡಿಲಿಸುವ ಮಾತ್ರೆ) ಇಲ್ಲ. ಅಡಚಿದ ಕರುಳಿಗೆ ಭೇದಿ ಮಾತ್ರೆ ಕೊಟ್ಟರೆ ಒಡೆದುಹೋಗುವ ಅಪಾಯವಿದೆ.

ಕೆಳಗಿನ ಯಾವುದೇ ಒಂದು ಕಂಡರೂ ಮುಂದೆ ಓದದೆ ಆಸ್ಪತ್ರೆಗೆ ಹೊರಡಿ:

- ಪದೇ ಪದೇ ವಾಂತಿ, ಅದರಲ್ಲೂ ಹಸಿರು ಬಣ್ಣದ್ದು ಅಥವಾ ಮಲದ ವಾಸನೆಯದ್ದು
- ಹೊಟ್ಟೆ ತಮಟೆಯಂತೆ ಬಿಗಿದು ಉಬ್ಬಿ, ಗ್ಯಾಸ್ ಕೂಡ ಹೋಗದಿರುವುದು
- ಬಿಟ್ಟು ಬಿಟ್ಟು ಹಿಂಡುವ, ಅಥವಾ ಕ್ಷಣಕ್ಷಣಕ್ಕೂ ಏರುತ್ತಿರುವ ಹೊಟ್ಟೆನೋವು
- ಜ್ವರ, ಚಳಿ, ಎದೆ ಜೋರಾಗಿ ಬಡಿದುಕೊಳ್ಳುವುದು
- ಮಲದಲ್ಲಿ ರಕ್ತ, ಅಥವಾ ಟಾರಿನಂತೆ ಕಪ್ಪಾದ ಮಲ (ಕಬ್ಬಿಣಾಂಶದ ಮಾತ್ರೆಯಿಂದಲೂ ಮಲ ಕಪ್ಪಗಾಗುತ್ತದೆ, ಆದರೂ ಅನುಮಾನವಿದ್ದರೆ ತೋರಿಸಿ)

ಒಂದು ಮೋಸದ ಲಕ್ಷಣವೂ ಇದೆ. ಹಲವು ದಿನ ಕಟ್ಟಿಕೊಂಡವರಿಗೆ ಇದ್ದಕ್ಕಿದ್ದಂತೆ ನೀರು ನೀರಾಗಿ ಸೋರತೊಡಗುತ್ತದೆ. ‘ಅಬ್ಬಾ, ಸಡಿಲವಾಯ್ತು’ ಅಂತ ಭೇದಿ ನಿಲ್ಲಿಸುವ ಮಾತ್ರೆ ನುಂಗುತ್ತಾರೆ. ನಿಜದಲ್ಲಿ ಗಟ್ಟಿ ಗಂಟು ಗುದನಾಳದಲ್ಲಿ ಬಿರಡೆಯಂತೆ ಕೂತಿರುತ್ತದೆ, ಅದರ ಅಂಚಿನಿಂದ ನೀರಷ್ಟೇ ಜಾರಿ ಬರುತ್ತಿರುತ್ತದೆ. ವಯಸ್ಸಾದವರಲ್ಲಿ, ಹಾಸಿಗೆ ಹಿಡಿದವರಲ್ಲಿ ಇದು ಜಾಸ್ತಿ. ಇಂಥ ಭೇದಿಗೆ ಲೋಪೆರಮೈಡ್ ಕೊಡಲೇಬಾರದು.

ಹಂತ 3: ಆಸ್ಪತ್ರೆಯಲ್ಲಿರುವಾಗ

ಕರುಳಿನ ಆಪರೇಷನ್ ಆದರೆ ದಿನಗಟ್ಟಲೆ ಉಪವಾಸ, ಮೂಗಿನಲ್ಲಿ ಟ್ಯೂಬು, ಅಲುಗಾಡದೆ ಮಲಗುವುದು, ಹಿಂದೆಲ್ಲ ಇದೇ ಪದ್ಧತಿ. 1990ರ ದಶಕದಲ್ಲಿ ಡೆನ್ಮಾರ್ಕಿನ ಸರ್ಜನ್ ಹೆನ್ರಿಕ್ ಕೆಹ್ಲೆಟ್ ಇದನ್ನು ತಿರುವುಮುರುವು ಮಾಡಿದರು. ಬೇಗ ಎಬ್ಬಿಸಿ ನಡೆಸಿ, ಬೇಗ ಬಾಯಿಗೆ ಆಹಾರ ಕೊಡಿ, ಟ್ಯೂಬನ್ನು ಸುಮ್ನೆ ಹಾಕಬೇಡಿ, ಡ್ರಿಪ್ಸ್ ಅತಿಯಾಗಿ ಸುರಿಯಬೇಡಿ, ಓಪಿಯಾಯ್ಡ್ ಎಷ್ಟು ಕಡಿಮೆ ಸಾಕೋ ಅಷ್ಟೇ ಕೊಡಿ. ಇವೆಲ್ಲ ಒಟ್ಟಿಗೆ ನಡೆದರೆ ಕರುಳು ಬೇಗ ಏಳುತ್ತದೆ ಅನ್ನುವುದು ಈಗ ಹಲವು ದೇಶಗಳಲ್ಲಿ ರೂಢಿಯಾಗಿದೆ.

ರೋಗಿಯಾಗಿ ನಿಮ್ಮ ಕೈಯಲ್ಲಿರುವುದು ಕೆಲವೇ ಕೆಲಸ. ಆಪರೇಷನ್‌ಗೆ ಮೊದಲೇ ಕೇಳಿ: ನೋವಿಗೆ ಏನೇನು ಕೊಡುತ್ತೀರಿ? ಪ್ಯಾರಾಸಿಟಮಾಲನ್ನು ಹೊತ್ತಿಗೆ ಸರಿಯಾಗಿ ಕೊಟ್ಟು, ನರಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಅಥವಾ ಎಪಿಡ್ಯೂರಲ್ (ಬೆನ್ನಿನ ಮೂಲಕ ಮರಗಟ್ಟಿಸುವ ಔಷಧಿ) ಬಳಸಿ, ಓಪಿಯಾಯ್ಡ್ ಕಡಿಮೆ ಮಾಡಲು ಆಗುತ್ತದೆಯಾ? ಮನೆಗೆ ಓಪಿಯಾಯ್ಡ್ ಕೊಟ್ಟು ಕಳಿಸುವುದಾದರೆ ಜೊತೆಗೆ ಹೊಟ್ಟೆಗೂ ಬರೆಯುತ್ತೀರಾ?

ಆಪರೇಷನ್ ಆದ ಮೇಲೆ ಅನುಮತಿ ಸಿಕ್ಕ ಕೂಡಲೇ ಎದ್ದು ಕುರ್ಚಿಯಲ್ಲಿ ಕೂರಿ, ವಾರ್ಡಿನಲ್ಲಿ ನಾಲ್ಕು ಹೆಜ್ಜೆ ಹಾಕಿ. ಡಾಕ್ಟರ್ ಒಪ್ಪಿದರೆ ಚೂಯಿಂಗ್ ಗಮ್ ಜಗಿಯಿರಿ, ದಿನಕ್ಕೆ ಮೂರು ಸಲ, ಪ್ರತಿ ಸಲ 15ರಿಂದ 30 ನಿಮಿಷ. ಕೇಳಿದರೆ ನಗು ಬರುತ್ತದೆ. ಆದರೆ ಜಗಿದರೆ ಸಾಕು, ಊಟ ಬಂತು ಅಂತ ಕರುಳಿಗೆ ಸುದ್ದಿ ಹೋಗುತ್ತದೆ. ಸಿಸೇರಿಯನ್ ಆದವರಲ್ಲಿ ಇದರಿಂದ ಗ್ಯಾಸ್ ಬೇಗ ಹೋದದ್ದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಬೇಗ ಊಟ ಕೊಡುವ ಆಸ್ಪತ್ರೆಗಳಲ್ಲಿ ಇದರ ಲಾಭ ಚಿಕ್ಕದು, ನಷ್ಟವಂತೂ ಇಲ್ಲ. ಕರುಳಿನ ಆಪರೇಷನ್ ಆದವರಿಗೆ ಕಾಫಿಯೂ ಸ್ವಲ್ಪ ಸಹಾಯ ಮಾಡಿದ್ದು ಕಂಡುಬಂದಿದೆ.

ಕರುಳಿನ ಭಾಗ ಕತ್ತರಿಸಿ ಜೋಡಿಸಿದವರಿಗೆ ಕೆಲವು ದೇಶಗಳಲ್ಲಿ ಅಲ್ವಿಮೊಪಾನ್ ಅನ್ನುವ ಮಾತ್ರೆ ಇದೆ. ಕರುಳಿನಲ್ಲಿ ಓಪಿಯಾಯ್ಡ್ ಕೂರದಂತೆ ಅದು ತಡೆಯುತ್ತದೆ. ಆಪರೇಷನ್‌ಗೆ ಮೊದಲು ಒಂದು, ಆಮೇಲೆ ದಿನಕ್ಕೆ ಎರಡು, ಒಟ್ಟು 15ಕ್ಕಿಂತ ಹೆಚ್ಚಿಲ್ಲ. ಹೃದಯಾಘಾತದ ಆತಂಕ ಇರುವುದರಿಂದ ಆಸ್ಪತ್ರೆಯ ಒಳಗೆ ಮಾತ್ರ ಕೊಡುತ್ತಾರೆ.

ಹಂತ 4: ಮೊದಲ ದಿನದಿಂದಲೇ ಔಷಧಿ

ಈ ಹಂತದಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಏಕೆಂದರೆ ಮೆಡಿಕಲ್ ಶಾಪಿನಲ್ಲಿ ‘ಹೊಟ್ಟೆ ಕ್ಲೀನ್ ಆಗಲು ಏನಾದರೂ ಕೊಡಿ’ ಅಂದರೆ ಸಿಗುವುದೆಲ್ಲ ಒಂದೇ ಥರ ಕೆಲಸ ಮಾಡುವುದಿಲ್ಲ.

ಓಪಿಯಾಯ್ಡ್ ಎರಡು ಹಾನಿ ಮಾಡುತ್ತದೆ: ಕರುಳಿನ ತಳ್ಳುವಿಕೆ ನಿಲ್ಲಿಸುತ್ತದೆ, ಮಲವನ್ನು ಒಣಗಿಸುತ್ತದೆ. ಹಾಗಾಗಿ ತಳ್ಳುವ ಔಷಧಿ ಒಂದು, ನೀರು ಹಿಡಿದಿಡುವ ಔಷಧಿ ಇನ್ನೊಂದು. ಒಂದರಿಂದ ಶುರು ಮಾಡಿ, ಸಾಲದಿದ್ದರೆ ಎರಡನ್ನೂ ಸೇರಿಸುತ್ತಾರೆ.

ತಳ್ಳುವವು: ಸೆನ್ನಾ ಮತ್ತು ಬೈಸಕೊಡಿಲ್. ಸೆನ್ನಾ ಸಾಮಾನ್ಯವಾಗಿ ರಾತ್ರಿ 15 ಮಿಲಿಗ್ರಾಂ. ಕೆಲಸ ಮಾಡಲು 8ರಿಂದ 12 ಗಂಟೆ ಬೇಕು, ಹಾಗಾಗಿ ಮಲಗುವಾಗ ತೆಗೆದುಕೊಂಡರೆ ಬೆಳಗ್ಗೆಗೆ ಸರಿಹೋಗುತ್ತದೆ. ಮೂತ್ರದ ಬಣ್ಣ ಹಳದಿ ಕಂದಾದರೆ ಗಾಬರಿ ಬೇಡ. ಬೈಸಕೊಡಿಲ್ ರಾತ್ರಿ 5ರಿಂದ 10 ಮಿಲಿಗ್ರಾಂ. ಅದನ್ನು ಅಗಿಯಬಾರದು, ಪುಡಿ ಮಾಡಬಾರದು. ಹಾಲು ಅಥವಾ ಆಸಿಡಿಟಿ ಔಷಧಿಯ ಜೊತೆಗೂ ಬೇಡ, ಕನಿಷ್ಠ ಒಂದು ಗಂಟೆ ಅಂತರವಿರಲಿ. ಮಾತ್ರೆಯ ಮೇಲಿನ ಲೇಪ ಕರಗುವುದು ಕರುಳಿನಲ್ಲಿ. ಜಠರದಲ್ಲೇ ಕರಗಿದರೆ ಹೊಟ್ಟೆ ನುಲಿಯುತ್ತದೆ.

ನೀರು ಹಿಡಿದಿಡುವವು: ಪಾಲಿಎಥಿಲೀನ್ ಗ್ಲೈಕಾಲ್ ಪುಡಿ ಮತ್ತು ಲ್ಯಾಕ್ಟುಲೋಸ್ ಸಿರಪ್. ಪುಡಿಯನ್ನು ದಿನಕ್ಕೆ 17 ಗ್ರಾಂ, ಸುಮಾರು 240 ಮಿಲಿ ನೀರಿನಲ್ಲಿ ಪೂರ್ತಿ ಕರಗಿಸಿ ಕುಡಿಯಬೇಕು. ಪರಿಣಾಮಕ್ಕೆ 1ರಿಂದ 3 ದಿನ ಬೇಕು. ಒಂದು ದಿನ ಕುಡಿದು ‘ಏನೂ ಆಗಲಿಲ್ಲ’ ಅಂತ ಮೂಲೆಗಿಡಬೇಡಿ, ನಾನು ಮಾಡಿದ ತಪ್ಪು ಅದೇ. ಲ್ಯಾಕ್ಟುಲೋಸ್ 15 ಮಿಲಿಯಂತೆ ದಿನಕ್ಕೆರಡು ಸಲ ಶುರು ಮಾಡುತ್ತಾರೆ. ಸಿಹಿ ಜಾಸ್ತಿ, ಗ್ಯಾಸೂ ಜಾಸ್ತಿ. ಮೊದಲೇ ಹೊಟ್ಟೆ ಉಬ್ಬರ ಇರುವವರಿಗೆ ನಾನಾದರೆ ಪುಡಿಯನ್ನೇ ಹೇಳುತ್ತೇನೆ.

ಇಸಬ್ಗೋಲ್ ಇಲ್ಲಿ ಬೇಡ. ಮಾಮೂಲಿ ಮಲಬದ್ಧತೆಗೆ ಅದು ಒಳ್ಳೆಯದೇ, ಅನುಮಾನವಿಲ್ಲ. ಆದರೆ ಅದು ಮಲದ ಗಾತ್ರ ಹೆಚ್ಚಿಸುತ್ತದೆ. ತಳ್ಳುವ ಶಕ್ತಿಯೇ ಇಲ್ಲದ ಕರುಳಿನಲ್ಲಿ ಗಾತ್ರ ಹೆಚ್ಚಿದರೆ ಏನಾಗುತ್ತದೆ ಯೋಚಿಸಿ. ನೀರೂ ಕಡಿಮೆ ಕುಡಿದಿದ್ದರೆ ಅದೇ ಗಟ್ಟಿಯಾಗಿ ಅಡ್ಡ ಕೂರುತ್ತದೆ. ಡಾಕ್ಯುಸೇಟ್ ಅನ್ನುವ ‘ಮಲ ಮೃದು ಮಾಡುವ’ ಮಾತ್ರೆಯಿಂದ ಹಾನಿ ಇಲ್ಲ, ಆದರೆ ಒಂಟಿಯಾಗಿ ಕೊಟ್ಟರೆ ಉಪಯೋಗವೂ ಅಷ್ಟಕ್ಕಷ್ಟೇ. ಮೆಗ್ನೀಸಿಯಂ ಇರುವ ಔಷಧಿಗಳು ಕಿಡ್ನಿ ತೊಂದರೆ ಇರುವವರಿಗೆ ಆಗುವುದಿಲ್ಲ.

ಭೇದಿ ಮಾತ್ರೆ ಅಭ್ಯಾಸವಾಗಿಬಿಡುತ್ತೆ, ಕರುಳು ಸೋಮಾರಿಯಾಗುತ್ತೆ ಅಂತ ಹೆದರಿಸುವವರು ಸಿಗುತ್ತಾರೆ. ಸರಿಯಾದ ಪ್ರಮಾಣದಲ್ಲಿ ಸೆನ್ನಾ ತೆಗೆದುಕೊಂಡರೆ ಕರುಳು ಹಾಳಾಗುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರವಿಲ್ಲ. ಓಪಿಯಾಯ್ಡ್ ಇರುವಷ್ಟು ದಿನ ಇದೂ ಇರಲಿ.

ಹಂತ 5: ಟಾಯ್ಲೆಟ್, ನೀರು, ಊಟ

ಊಟವಾದ ಮೇಲೆ ದೊಡ್ಡ ಕರುಳು ತಾನಾಗಿ ಅಲುಗುತ್ತದೆ, ಅದರಲ್ಲೂ ಬೆಳಗಿನ ತಿಂಡಿಯ ನಂತರ. ಆದ್ದರಿಂದ ತಿಂಡಿಯಾಗಿ ಅರ್ಧ ಗಂಟೆಯೊಳಗೆ ಟಾಯ್ಲೆಟ್‌ಗೆ ಹೋಗಿ ಕೂರಿ, ಬರಲಿ ಬಿಡಲಿ. 10 ನಿಮಿಷ ಸಾಕು. ನನ್ನ ಹಾಗೆ ಮುಕ್ಕಾಲು ಗಂಟೆ ಕೂತರೆ ಮೂಲವ್ಯಾಧಿ ಬೇರೆ ಬಂದು ಸೇರುತ್ತದೆ.

ಕೂರುವ ಭಂಗಿ ಮುಖ್ಯ. ಕಮೋಡ್ ಆದರೆ ಪಾದದ ಕೆಳಗೆ ಗಿಡ್ಡ ಸ್ಟೂಲ್ ಇಡಿ, ಮೊಣಕಾಲು ಸೊಂಟಕ್ಕಿಂತ ಮೇಲಿರಲಿ. ಮುಂದಕ್ಕೆ ಬಾಗಿ ಮೊಣಕೈಯನ್ನು ತೊಡೆಯ ಮೇಲೆ ಊರಿ. ಉಸಿರು ಹಿಡಿದು ತಿಣುಕಬೇಡಿ. ಬಾಯಿ ತೆರೆದು ಉಸಿರು ಬಿಡುತ್ತಾ ಹೊಟ್ಟೆಯನ್ನು ಮೆತ್ತಗೆ ಮುಂದಕ್ಕೆ ಉಬ್ಬಿಸಿ. ಹೊಟ್ಟೆಯಲ್ಲಿ ಹೊಲಿಗೆ ಇದ್ದರೆ ಒಂದು ದಿಂಬನ್ನು ಮಡಚಿ ಗಾಯದ ಮೇಲೆ ಒತ್ತಿ ಹಿಡಿದುಕೊಳ್ಳಿ. ಸೊಂಟ, ಮೊಣಕಾಲಿನ ಆಪರೇಷನ್ ಆದವರು ಎಷ್ಟು ಬಾಗಬಹುದು ಅಂತ ಫಿಸಿಯೋಥೆರಪಿಸ್ಟನ್ನು ಮೊದಲೇ ಕೇಳಿ. ನನಗಂತೂ ಸ್ಟೂಲ್ ಒಂದು ಕಾಲಿಗೆ ಮಾತ್ರ ದಕ್ಕಿತ್ತು.

ನೀರು ಕುಡಿಯಿರಿ, ಆದರೆ ಬಿಂದಿಗೆಗಟ್ಟಲೆ ಬೇಡ. ಒಣಗಿದ ದೇಹಕ್ಕೆ ನೀರು ಬೇಕು ಅನ್ನುವುದು ನಿಜ, ಬರೀ ನೀರಿನಿಂದ ಓಪಿಯಾಯ್ಡ್ ಹಿಡಿತ ಬಿಡುವುದಿಲ್ಲ ಅನ್ನುವುದೂ ನಿಜ. ಹೃದಯ ಅಥವಾ ಕಿಡ್ನಿ ತೊಂದರೆ ಇದ್ದರೆ ಡಾಕ್ಟರ್ ಹೇಳಿದ ಮಿತಿಯನ್ನು ಮೀರಬೇಡಿ. ಹಣ್ಣು, ತರಕಾರಿ ಹಿತಮಿತವಾಗಿರಲಿ. ಒಣ ಪ್ಲಮ್, ಕಿವಿ ಹಣ್ಣು ಮಾಮೂಲಿ ಮಲಬದ್ಧತೆಗೆ ಸಹಾಯ ಮಾಡುತ್ತವೆ. ಇವು ಮಾತ್ರೆಯ ಜೊತೆಗಿರಲಿ, ಮಾತ್ರೆಗೆ ಬದಲಾಗಿ ಬೇಡ.

ದಿನಾ ಒಂದು ಸಾಲು ಬರೆದಿಡಿ: ಎಷ್ಟು ಮಾತ್ರೆ, ಮೋಷನ್ ಆಯಿತಾ, ಹೇಗಿತ್ತು. ಹೇಗಿತ್ತು ಅನ್ನುವುದಕ್ಕೆ ಬ್ರಿಸ್ಟಲ್ ಚಾರ್ಟ್ ಇದೆ. 1997ರಲ್ಲಿ ಪ್ರಕಟವಾದ ಈ ಚಾರ್ಟು ಮಲವನ್ನು 7 ಬಗೆ ಮಾಡುತ್ತದೆ. 1 ಅಂದರೆ ಹಿಕ್ಕೆ, 7 ಅಂದರೆ ಬರೀ ನೀರು. 3 ಅಥವಾ 4 ಇದ್ದರೆ ಸರಿ. ಡಾಕ್ಟರಿಗೆ ಫೋನಿನಲ್ಲಿ ‘ಎರಡನೇ ನಂಬರ್, ನಾಲ್ಕು ದಿನಕ್ಕೊಮ್ಮೆ’ ಅಂದರೆ ಸಾಕು, ಮುಜುಗರದ ವರ್ಣನೆ ಬೇಕಿಲ್ಲ.

ಹಂತ 6: 3 ದಿನವಾದರೂ ಆಗಲಿಲ್ಲವೆ?

ಮೊದಲು ಹಂತ 2ರ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಅದರಲ್ಲಿ ಯಾವುದೂ ಇಲ್ಲದಿದ್ದರೆ ಡಾಕ್ಟರಿಗೆ ಫೋನ್ ಮಾಡಿ. ಬಾಯಿಂದ ಕೊಡುವುದನ್ನು ಹೆಚ್ಚಿಸುತ್ತಾರೆ, ಇಲ್ಲವೇ ಕೆಳಗಿನಿಂದ ಕೊಡುತ್ತಾರೆ.

ಗುದದ್ವಾರದಲ್ಲಿ ಇಡುವ ಬತ್ತಿಯಂಥ ಔಷಧಿಗಳಲ್ಲಿ ಗ್ಲಿಸರಿನ್ ಮತ್ತು 10 ಮಿಲಿಗ್ರಾಂ ಬೈಸಕೊಡಿಲ್ ಸಾಮಾನ್ಯ. ಎಡ ಮಗ್ಗುಲಿಗೆ ಮಲಗಿ, ಬಲ ಮೊಣಕಾಲನ್ನು ಹೊಟ್ಟೆಯ ಕಡೆ ಮಡಚಿ, ತುದಿಗೆ ನೀರು ತಾಗಿಸಿ ಬೆರಳಿನಷ್ಟು ಒಳಗೆ ತಳ್ಳಬೇಕು. ಬೈಸಕೊಡಿಲ್ ಗುದನಾಳದ ಗೋಡೆಗೆ ತಾಗಬೇಕು. ಮಲದೊಳಗೆ ಹೂತುಹೋದರೆ ಕೆಲಸ ಮಾಡುವುದಿಲ್ಲ. 15 ನಿಮಿಷದಿಂದ ಒಂದು ಗಂಟೆಯೊಳಗೆ ಅವಸರ ಶುರುವಾಗುತ್ತದೆ, ಟಾಯ್ಲೆಟ್ ಹತ್ತಿರವೇ ಇರಿ.

ಎನಿಮಾ ಅದಕ್ಕೂ ಮುಂದಿನ ಮೆಟ್ಟಿಲು. ಫಾಸ್ಫೇಟ್ ಎನಿಮಾ ವಯಸ್ಸಾದವರಿಗೆ, ಕಿಡ್ನಿ ದುರ್ಬಲವಾಗಿರುವವರಿಗೆ ಅಪಾಯಕಾರಿ, ರಕ್ತದ ಲವಣಗಳು ಏರುಪೇರಾಗುತ್ತವೆ. ಗುದನಾಳ ಅಥವಾ ದೊಡ್ಡ ಕರುಳಿನ ಆಪರೇಷನ್ ಆದವರು ಸರ್ಜನ್ ಹೇಳದೆ ಕೆಳಗಿನಿಂದ ಏನನ್ನೂ ಹಾಕಬಾರದು. ಕೀಮೋಥೆರಪಿಯಿಂದ ಬಿಳಿ ರಕ್ತಕಣ ಇಳಿದವರಿಗೂ ಇದು ಬೇಡ, ಸೋಂಕು ತಗಲುತ್ತದೆ. ಗಂಟು ಗಟ್ಟಿಯಾಗಿ ಕೂತಿದ್ದರೆ ನರ್ಸ್ ಅಥವಾ ಡಾಕ್ಟರ್ ಕೈಗವಸು ಹಾಕಿ ಬೆರಳಿನಿಂದಲೇ ತೆಗೆಯಬೇಕಾಗುತ್ತದೆ. ಅವರಿಗೆ ಇದು ದಿನನಿತ್ಯದ ಕೆಲಸ, ಸಂಕೋಚಪಡಬೇಕಾಗಿಲ್ಲ.

ಹಂತ 7: ಯಾವುದಕ್ಕೂ ಜಗ್ಗದಿದ್ದರೆ

ಕ್ಯಾನ್ಸರ್ ನೋವಿಗೋ ಬಹುಕಾಲದ ನೋವಿಗೋ ತಿಂಗಳುಗಟ್ಟಲೆ ಓಪಿಯಾಯ್ಡ್ ತೆಗೆದುಕೊಳ್ಳುವವರಿಗೆ ಕೆಲವೊಮ್ಮೆ ಎರಡು ಔಷಧಿ ಸೇರಿಸಿದರೂ ಸಾಲುವುದಿಲ್ಲ. ಅಂಥವರಿಗಾಗಿ ಇರುವುದು ಓಪಿಯಾಯ್ಡನ್ನು ಕರುಳಿನ ಗ್ರಾಹಕದಿಂದ ಎಬ್ಬಿಸಿ ಕಳಿಸುವ ಔಷಧಿಗಳು. ಇವು ಮಿದುಳಿಗೆ ಅಷ್ಟಾಗಿ ಹೋಗುವುದಿಲ್ಲ, ಹಾಗಾಗಿ ನೋವಿನ ಶಮನ ಹಾಗೇ ಉಳಿಯುತ್ತದೆ.

ಮಿಥೈಲ್‌ನಾಲ್ಟ್ರೆಕ್ಸೋನ್ ಚರ್ಮದಡಿಯ ಇಂಜೆಕ್ಷನ್ ಆಗಿ ಅಮೆರಿಕದಲ್ಲಿ 2008ರಲ್ಲಿ ಬಂತು. ಗಂಭೀರ ಕಾಯಿಲೆಯವರ ಮೇಲೆ ನಡೆದ ಪರೀಕ್ಷೆಗಳಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಮೊದಲ ಡೋಸಿನ 4 ಗಂಟೆಯೊಳಗೆ ಮೋಷನ್ ಆಗಿತ್ತು. ನಾಲೊಕ್ಸೆಗಾಲ್ ಮಾತ್ರೆ 2014ರಲ್ಲಿ ಬಂತು: 25 ಮಿಲಿಗ್ರಾಂ, ಬೆಳಗ್ಗೆ ಖಾಲಿ ಹೊಟ್ಟೆಗೆ. ಕಿಡ್ನಿ ದುರ್ಬಲವಿದ್ದರೆ ಅರ್ಧ. ಅದರ ಜೊತೆ ಕ್ಲಾರಿಥ್ರೋಮೈಸಿನ್, ಕೀಟೊಕೊನಜೋಲ್ ಬೇಡ, ಗ್ರೇಪ್‌ಫ್ರೂಟ್ ಕೂಡ ಬೇಡ. 2017ರಲ್ಲಿ ಬಂದ ನಾಲ್ಡೆಮೆಡಿನ್ ದಿನಕ್ಕೊಂದು, 0.2 ಮಿಲಿಗ್ರಾಂ. ಇವೆಲ್ಲ ಎಲ್ಲ ದೇಶಗಳಲ್ಲೂ ಸಿಗುವುದಿಲ್ಲ. ಕರುಳು ಅಡಚಿದವರಿಗೆ, ಅಡಚುವ ಸಂಭವ ಇರುವವರಿಗೆ ಇವು ನಿಷಿದ್ಧ. ತೆಗೆದುಕೊಂಡ ಮೇಲೆ ಹೊಟ್ಟೆನೋವು ಜೋರಾಗಿ ನಿಲ್ಲದೇ ಇದ್ದರೆ ಮುಂದಿನ ಡೋಸ್ ಬಿಟ್ಟು ಆಸ್ಪತ್ರೆಗೆ ಹೋಗಿ. ಬೆವರು, ನಡುಕ, ಚಡಪಡಿಕೆ ಶುರುವಾದರೂ ತಿಳಿಸಿ, ಓಪಿಯಾಯ್ಡ್ ಬಿಟ್ಟಾಗ ಬರುವಂಥ ಲಕ್ಷಣ ಅದು.

ಓಪಿಯಾಯ್ಡನ್ನೇ ಬದಲಿಸುವುದು ಇನ್ನೊಂದು ದಾರಿ. ಬಾಯಿಂದ ಕೊಡುವ ಮಾರ್ಫಿನ್‌ಗಿಂತ ಫೆಂಟನಿಲ್ ಪ್ಯಾಚ್, ಆಕ್ಸಿಕೊಡೋನ್‌ಗಿಂತ ಟ್ಯಾಪೆಂಟಡಾಲ್ ಹೊಟ್ಟೆಗೆ ಸ್ವಲ್ಪ ಮೃದು. ಈ ಲೆಕ್ಕವನ್ನು ಡಾಕ್ಟರೇ ಹಾಕಬೇಕು, ಪ್ರಮಾಣ ತಪ್ಪಿದರೆ ಉಸಿರಾಟಕ್ಕೇ ಕುತ್ತು.

ಅಪರೂಪಕ್ಕೆ ಇನ್ನೊಂದು ಸುಳಿ ಕಾಣುತ್ತದೆ. ಹೊಟ್ಟೆನೋವು ಅಂತ ಓಪಿಯಾಯ್ಡ್ ಹೆಚ್ಚಿಸುತ್ತಾರೆ, ನೋವು ಇನ್ನೂ ಏರುತ್ತದೆ, ಮತ್ತೆ ಹೆಚ್ಚಿಸುತ್ತಾರೆ. ಇದಕ್ಕೆ ನಾರ್ಕೋಟಿಕ್ ಬವೆಲ್ ಸಿಂಡ್ರೋಮ್ ಅಂತ ಹೆಸರು. ಇಲ್ಲಿ ಚಿಕಿತ್ಸೆಯೇ ಓಪಿಯಾಯ್ಡನ್ನು ನಿಧಾನವಾಗಿ ಇಳಿಸುವುದು.

ಹಂತ 8: ಇಳಿಸುವುದು, ನಿಲ್ಲಿಸುವುದು

ಹೊಟ್ಟೆ ಕಟ್ಟಿದ ಸಿಟ್ಟಿನಲ್ಲಿ ನೋವಿನ ಮಾತ್ರೆಯನ್ನು ಒಮ್ಮೆಲೇ ಎಸೆಯುವವರಿದ್ದಾರೆ. ಎರಡು ಮೂರು ದಿನ ತೆಗೆದುಕೊಂಡವರಿಗೆ ಅದರಿಂದ ಸಾಮಾನ್ಯವಾಗಿ ತೊಂದರೆಯಾಗುವುದಿಲ್ಲ. ವಾರಗಟ್ಟಲೆ ತೆಗೆದುಕೊಂಡವರು ಡಾಕ್ಟರ್ ಹೇಳಿದಂತೆ ಹಂತ ಹಂತವಾಗಿ ಇಳಿಸಬೇಕು. ಪ್ಯಾರಾಸಿಟಮಾಲನ್ನು ಹೊತ್ತಿಗೆ ಸರಿಯಾಗಿ ತೆಗೆದುಕೊಂಡರೆ ಓಪಿಯಾಯ್ಡ್ ತಾನಾಗಿ ಕಡಿಮೆ ಬೇಕಾಗುತ್ತದೆ. ದಿನಕ್ಕೆ 4 ಗ್ರಾಂ ದಾಟಬಾರದು. ತೂಕ ಕಡಿಮೆ ಇರುವವರಿಗೆ, ಲಿವರ್ ತೊಂದರೆ ಇರುವವರಿಗೆ ಅದಕ್ಕಿಂತಲೂ ಕಡಿಮೆ.

ಓಪಿಯಾಯ್ಡ್ ನಿಂತ ದಿನವೇ ಸೆನ್ನಾ ನಿಲ್ಲಿಸಬೇಡಿ. ಮೋಷನ್ ಎರಡು ಮೂರು ದಿನ ಸರಾಗವಾಗಿ ಆದ ಮೇಲೆ ಒಂದೊಂದಾಗಿ ಬಿಡಿ, ಮೊದಲು ತಳ್ಳುವುದು, ಆಮೇಲೆ ಪುಡಿ. ನಡುವೆ ಭೇದಿಯಾದರೆ ಡೋಸ್ ಇಳಿಸಿದರೆ ಸಾಕು. ಓಪಿಯಾಯ್ಡ್ ನಿಂತು ಎರಡು ವಾರವಾದರೂ ಹೊಟ್ಟೆ ದಾರಿಗೆ ಬರದಿದ್ದರೆ ತಪ್ಪು ನೋವಿನ ಮಾತ್ರೆಯದ್ದಲ್ಲ. ಆಗ ಚೀಟಿಯಲ್ಲಿ ಉಳಿದ ಬೇರೆ ಔಷಧಿಗಳನ್ನು, ಥೈರಾಯ್ಡ್ ಮತ್ತು ಕ್ಯಾಲ್ಸಿಯಂ ಮಟ್ಟವನ್ನು ನೋಡಿಸಿ.